ಟೆಕ್ಸಸ್‌ನ ಚಾರ್ಟರ್ ಶಾಲೆ: ಆರು ವರ್ಷ ಕಾರ್ ಲೈನಿನಲ್ಲಿ ಕೂತವಳ ರಿವ್ಯೂ, 5ಕ್ಕೆ 3

ನವೆಂಬರ್ ಬಂತೆಂದರೆ ಡಲ್ಲಾಸ್ ಕಡೆಯ ನಮ್ಮ ಕನ್ನಡ ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಒಂದೇ ಪ್ರಶ್ನೆ. ಮಗುವನ್ನು ಚಾರ್ಟರ್‌ಗೆ ಹಾಕಲಾ, ಐಎಸ್‌ಡಿಯಲ್ಲೇ ಬಿಡಲಾ? ಹೋದ ವರ್ಷ ಇದಕ್ಕೆ ಒಂಬತ್ತು ಸಲ ಉತ್ತರ ಕೊಟ್ಟಿದ್ದೇನೆ. ಒಂದು ಸಲವಂತೂ ದೋಸೆ ಹುಯ್ಯುತ್ತಾ ವಾಯ್ಸ್ ಮೆಸೇಜ್ ಮಾಡಲು ಹೋಗಿ, ಮೆಸೇಜೂ ಅರ್ಧ, ದೋಸೆಯೂ ಸೀದು ಹೋಯಿತು. ಅದಕ್ಕೇ ಈ ಸಲ ಎಲ್ಲವನ್ನೂ ಒಂದೇ ಕಡೆ ಬರೆದು ಹಾಕುತ್ತಿದ್ದೇನೆ. ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಶಾಲೆಯ ಹೆಸರು ಮಾತ್ರ ಕೇಳಬೇಡಿ. ಮಗಳು ಇನ್ನೂ ಅಲ್ಲೇ ಓದುತ್ತಿದ್ದಾಳೆ. 2019ರ ಆಗಸ್ಟ್‌ನಲ್ಲಿ ನಾಲ್ಕನೇ ಕ್ಲಾಸಿಗೆ ಸೇರಿದವಳು ಈಗ ಹತ್ತನೇ ಕ್ಲಾಸು. ಮಗ 2021ರಲ್ಲಿ ಅದೇ ಶಾಲೆಗೆ ಒಂದನೇ ಕ್ಲಾಸಿಗೆ ಸೇರಿ, ಮೂರನೇ ಕ್ಲಾಸಿನ ಅರ್ಧದಲ್ಲಿ ಬಿಟ್ಟು, ಈಗ ಮನೆ ಹತ್ತಿರದ ಐಎಸ್‌ಡಿ ಶಾಲೆಗೆ ನಡೆದುಕೊಂಡು ಹೋಗುತ್ತಾನೆ. ಒಂದೇ ಮನೆ, ಒಂದೇ ಅಡುಗೆ, ಎರಡು ಬಗೆಯ ಶಾಲೆ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಅಂತ ನನಗೆ ನಾನೇ ಹೇಳಿಕೊಂಡಿದ್ದೇನೆ.

ಊರಿಂದ ಹೊಸದಾಗಿ ಬಂದವರಿಗೆ ಇದೇನು ಅಂತ ಮೊದಲು ಹೇಳಿಬಿಡುತ್ತೇನೆ. ಐಎಸ್‌ಡಿ ಅಂದರೆ ನಿಮ್ಮ ಏರಿಯಾದ ಸರ್ಕಾರಿ ಶಾಲೆಗಳನ್ನು ನಡೆಸುವ ಡಿಸ್ಟ್ರಿಕ್ಟ್. ಅದರ ಬೋರ್ಡಿಗೆ ಚುನಾವಣೆ ನಡೆಯುತ್ತದೆ. ನಿಮ್ಮ ಪ್ರಾಪರ್ಟಿ ಟ್ಯಾಕ್ಸಿನಲ್ಲಿ ದೊಡ್ಡ ಪಾಲು ಅದಕ್ಕೇ ಹೋಗುತ್ತದೆ. ಚಾರ್ಟರ್ ಕೂಡ ಸರ್ಕಾರಿ ದುಡ್ಡಿನ ಶಾಲೆಯೇ, ಫೀಸಿಲ್ಲ. ಆದರೆ ನಡೆಸುವುದು ಬೇರೆ ಸಂಸ್ಥೆ. ಇಂತಿಷ್ಟು ವರ್ಷದಲ್ಲಿ ರಿಸಲ್ಟ್ ತೋರಿಸುತ್ತೇವೆ, ಹೇಗೆ ನಡೆಸಬೇಕು ಅನ್ನುವುದನ್ನು ನಮಗೇ ಬಿಡಿ ಅಂತ ರಾಜ್ಯದ ಜೊತೆ ಒಂದು ಒಪ್ಪಂದ. ಪರೀಕ್ಷೆ ರಾಜ್ಯ ನಡೆಸುವ ಅದೇ ಸ್ಟಾರ್ ಅನ್ನುವ ಪರೀಕ್ಷೆ, ಶಾಲೆಗೆ ಕೊಡುವ ರೇಟಿಂಗ್ ಅದೇ ಎ-ಯಿಂದ ಎಫ್. ರಿಸಲ್ಟ್ ಬರದಿದ್ದರೆ ಬಾಗಿಲು ಮುಚ್ಚಿಸುತ್ತಾರೆ. 2013ರಲ್ಲಿ ಆ ನಿಯಮವನ್ನು ಇನ್ನೂ ಬಿಗಿ ಮಾಡಿದರು, ಸತತ ಮೂರು ವರ್ಷ ಫೇಲಾದರೆ ಚಾರ್ಟರೇ ರದ್ದು.

ನಾನು ಓದಿದ್ದು ಹಾಸನ ಜಿಲ್ಲೆಯ ಒಂದು ಅನುದಾನಿತ ಹೈಸ್ಕೂಲಿನಲ್ಲಿ. ಮ್ಯಾನೇಜ್‌ಮೆಂಟ್ ಟ್ರಸ್ಟಿನದು, ಮೇಷ್ಟ್ರ ಸಂಬಳ ಸರ್ಕಾರದ್ದು. ಅದಕ್ಕೇ ಚಾರ್ಟರ್ ಅಂದಾಗ 'ಓ, ಏಡೆಡ್ ಸ್ಕೂಲಾ' ಅಂದುಕೊಂಡಿದ್ದೆ. ಅರ್ಧ ಸರಿ. ಊರಿನಲ್ಲಿ ಸರ್ಕಾರ ಸಂಬಳ ಕೊಡುವುದು ಮೇಷ್ಟ್ರಿಗೆ, ಅವರ ಕುರ್ಚಿ ಅಷ್ಟು ಬೇಗ ಅಲ್ಲಾಡುವುದಿಲ್ಲ. ಬಿಇಒ ಬರುತ್ತಾರೆ ಅಂದರೆ ಹಿಂದಿನ ದಿನ ಮೈದಾನ ಗುಡಿಸಿದರೆ ಆಯಿತು. ಇಲ್ಲಿ ದುಡ್ಡು ಬರುವುದು ಮಗುವಿನ ತಲೆ ಎಣಿಸಿ, ಅದೂ ಹಾಜರಾತಿ ಲೆಕ್ಕದಲ್ಲಿ. ಮಗು ಬಂದರೆ ದುಡ್ಡು. ಮಗು ಹೋದರೆ ಅದರ ಹಿಂದೆಯೇ ದುಡ್ಡೂ ಹೋಯಿತು. ಈ ಒಂದು ಮಾತು ನೆನಪಿಟ್ಟುಕೊಳ್ಳಿ. ಮುಂದೆ ನಾನು ಹೊಗಳುವುದು, ಬೈಯುವುದು ಎಲ್ಲ ಇಲ್ಲಿಂದಲೇ ಹುಟ್ಟುತ್ತದೆ.

ಸೀಟು ಸಿಕ್ಕಿದ ಕಥೆ ಕೇಳಿ. ಸೀಟಿಗಿಂತ ಅರ್ಜಿ ಜಾಸ್ತಿ ಬಂದರೆ ಚಾರ್ಟರ್‌ನಲ್ಲಿ ಲಾಟರಿ ಎತ್ತುತ್ತಾರೆ, ಹೆಸರು ಬರದವರು ವೇಯ್ಟ್‌ಲಿಸ್ಟಿಗೆ. 2017ರಲ್ಲಿ ಮೊದಲ ಸಲ ಅರ್ಜಿ ಹಾಕಿದೆವು. ವೇಯ್ಟ್‌ಲಿಸ್ಟ್ ನಂಬರ್ 214. ಮುಂದಿನ ವರ್ಷ 96. ಮೂರನೇ ವರ್ಷ ಆಸೆ ಬಿಟ್ಟಿದ್ದೆವು, ಐಎಸ್‌ಡಿ ಶಾಲೆ ಶುರುವಾಗಿ ವಾರ ಕಳೆದಿತ್ತು, ಮಗಳಿಗೆ ಹೊಸ ಬ್ಯಾಗು, ಪಿಟಿಎಯವರ ಪೆನ್ಸಿಲ್ ಡಬ್ಬ ಎಲ್ಲ ಬಂದಾಗಿತ್ತು. ರಾತ್ರಿ ಒಂಬತ್ತಕ್ಕೆ ಇಮೇಲ್. ಸೀಟು ಖಾಲಿ ಇದೆ, 48 ಗಂಟೆಯೊಳಗೆ ಉತ್ತರಿಸಿ, ಇಲ್ಲದಿದ್ದರೆ ಮುಂದಿನವರಿಗೆ ಹೋಗುತ್ತದೆ. ನಾನು ಆವತ್ತು ನಿದ್ದೆ ಮಾಡಲಿಲ್ಲ. ಪಿಯುಸಿಗೆ ಮೆರಿಟ್ ಲಿಸ್ಟ್ ನೋಡಲು ಹೋದಾಗಲೂ ನನಗೆ ಅಷ್ಟು ಎದೆ ಹೊಡೆದುಕೊಂಡಿರಲಿಲ್ಲ.

ಲಾಟರಿ ಅಂದಮೇಲೆ ಎಲ್ಲರಿಗೂ ಒಂದೇ ನ್ಯಾಯ ಅಲ್ವಾ? ಎತ್ತುವಾಗ ಹೌದು. ಆದರೆ ಡಬ್ಬಿಗೆ ಹೆಸರು ಹಾಕುವವರು ಯಾರು ಅಂತ ನಾನು ಆಮೇಲೆ ಯೋಚಿಸಿದೆ. ಶಾಲೆ ಶುರುವಾಗುವುದಕ್ಕೆ ಒಂಬತ್ತು ತಿಂಗಳು ಮೊದಲೇ ಫಾರ್ಮ್ ತುಂಬಬೇಕು ಅಂತ ಗೊತ್ತಿರುವವರು. ದಿನಾ ಬೆಳಿಗ್ಗೆ ಸಂಜೆ ಕಾರಿನಲ್ಲಿ ಕರೆದುಕೊಂಡು ಹೋಗಿ ಬರಲು ಆಗುವವರು. ಮಧ್ಯಾಹ್ನ ಒಂದು ಅಂಗಡಿ, ರಾತ್ರಿ ಇನ್ನೊಂದು ಅಂಗಡಿ ಅಂತ ಕೆಲಸ ಮಾಡುವ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನ ಅಮ್ಮನ ಮಕ್ಕಳ ಹೆಸರು ಆ ಡಬ್ಬಿಯಲ್ಲೇ ಇರಲಿಲ್ಲ. ಇದರ ಮೇಲೆ ಇನ್ನೊಂದಿದೆ. ಹಿಂದಿನ ಶಾಲೆಯಲ್ಲಿ ಶಿಸ್ತಿನ ಕೇಸು ಆಗಿದೆ ಅಂತ ದಾಖಲೆ ಇದ್ದರೆ ಚಾರ್ಟರ್ ಶಾಲೆ ಆ ಮಗುವನ್ನು ಬೇಡ ಅನ್ನಬಹುದು, ಟೆಕ್ಸಸ್ ಕಾನೂನೇ ಅದಕ್ಕೆ ಅವಕಾಶ ಕೊಟ್ಟಿದೆ. ಐಎಸ್‌ಡಿ ಹಾಗೆ ಅನ್ನುವಂತಿಲ್ಲ, ತನ್ನ ಏರಿಯಾದಲ್ಲಿ ಮನೆ ಇದ್ದ ಮಗು ಯಾವತ್ತು ಬಂದು ನಿಂತರೂ ಸೇರಿಸಿಕೊಳ್ಳಲೇಬೇಕು.

ಎಲ್ಲ ಚಾರ್ಟರ್ ಶಾಲೆಗಳೂ ನಮ್ಮಂಥ ಐಟಿ ಮಂದಿಯ ಮಕ್ಕಳಿಂದಲೇ ತುಂಬಿವೆ ಅಂತ ಮಾತ್ರ ತಿಳಿಯಬೇಡಿ. ಕಿಪ್ ಅನ್ನುವ ದೊಡ್ಡ ಸರಣಿ 1994ರಲ್ಲಿ ಹುಟ್ಟಿದ್ದು ಇಲ್ಲೇ ಹ್ಯೂಸ್ಟನ್‌ನಲ್ಲಿ, ಬಡ ಮಕ್ಕಳಿಗೆ ಅಂತಲೇ, ಇಬ್ಬರು ಹುಡುಗ ಮೇಷ್ಟ್ರು ಶುರು ಮಾಡಿದ್ದು. ಇಡೀ ದೇಶದ ಲೆಕ್ಕ ತೆಗೆದರೆ ಚಾರ್ಟರ್ ಮಕ್ಕಳಲ್ಲಿ ಕಪ್ಪು ಮತ್ತು ಹಿಸ್ಪಾನಿಕ್ ಮಕ್ಕಳ ಪಾಲೇ ಜಾಸ್ತಿ. ನಮ್ಮ ಗುಂಪಿನಲ್ಲಿ ಕೆಲವರು 'ಚಾರ್ಟರ್ ಅಂದ್ರೆ ದೇಸಿ ಸ್ಕೂಲು' ಅನ್ನುತ್ತಾರಲ್ಲ, ಅದು ನಮ್ಮ ಕಿಟಕಿಯಿಂದ ಕಂಡ ಆಕಾಶ ಅಷ್ಟೇ.

ಈಗ ಕಟ್ಟಡ. ಮೊದಲ ದಿನ ನೋಡಿ ಮಗಳು ಮುಖ ಸಣ್ಣ ಮಾಡಿಕೊಂಡಳು. ಹಿಂದೆ ದಿನಸಿ ಸೂಪರ್ ಮಾರ್ಕೆಟ್ ಆಗಿದ್ದ ಜಾಗ ಅದು. ಗೋಡೆಗೆ ಹೊಸ ಬಣ್ಣ ಹೊಡೆದಿದ್ದರೂ ತಳ್ಳುಗಾಡಿ ನಿಲ್ಲಿಸುತ್ತಿದ್ದ ಕಬ್ಬಿಣದ ಕಂಬಿಗಳು ಬಾಗಿಲ ಹತ್ತಿರ ಹಾಗೇ ಇದ್ದವು. ಊಟದ ಹಾಲ್, ಜಿಮ್, ನಾಟಕದ ಸ್ಟೇಜು ಎಲ್ಲ ಒಂದೇ ಕೋಣೆ. ಆಟದ ಮೈದಾನ ಅಂದರೆ ಪಾರ್ಕಿಂಗ್ ಲಾಟಿನ ಒಂದು ಮೂಲೆಗೆ ಹಳದಿ ಗೆರೆ ಎಳೆದು, ನಾಲ್ಕು ಕಿತ್ತಳೆ ಕೋನ್ ಇಟ್ಟದ್ದು. ಇದಕ್ಕೆ ಶಾಲೆಯನ್ನು ಬೈದು ಪ್ರಯೋಜನವಿಲ್ಲ. ಚಾರ್ಟರ್‌ಗಳು ಪ್ರಾಪರ್ಟಿ ಟ್ಯಾಕ್ಸ್ ಹಾಕುವಂತಿಲ್ಲ, ಜನರ ಓಟಿಗೆ ಹಾಕಿ ಬಾಂಡ್ ಅನ್ನುವ ಸಾಲ ಎತ್ತುವಂತಿಲ್ಲ. 2017ರಲ್ಲಿ ಕಾನೂನು ಮಾಡಿ ಇಡೀ ರಾಜ್ಯದ ಚಾರ್ಟರ್ ಶಾಲೆಗಳ ಕಟ್ಟಡ ಖರ್ಚಿಗೆ ವರ್ಷಕ್ಕೆ ಹೆಚ್ಚೆಂದರೆ 6 ಕೋಟಿ ಡಾಲರ್ ಅಂತ ಇಟ್ಟರು. ನಮ್ಮಿಂದ ಸ್ವಲ್ಪ ದೂರದ ಆಲನ್ ಐಎಸ್‌ಡಿ 2012ರಲ್ಲಿ ಹೈಸ್ಕೂಲ್ ಹುಡುಗರ ಫುಟ್‌ಬಾಲಿಗೆ 18,000 ಜನ ಕೂರುವ ಸ್ಟೇಡಿಯಂ ಕಟ್ಟಿಸಿತು. ಖರ್ಚು 6 ಕೋಟಿ ಡಾಲರ್. ಎರಡೇ ವರ್ಷಕ್ಕೆ ಕಾಂಕ್ರೀಟ್ ಬಿರುಕು ಬಿಟ್ಟು ರಿಪೇರಿಗೆ ಮುಚ್ಚಿದ್ದರು, ಅದು ಬೇರೆ ಕಥೆ.

ಹಾಗಂತ ಚಾರ್ಟರ್ ಕಡೆಯವರು 'ನಮಗೆ ಕಮ್ಮಿ ದುಡ್ಡು' ಅಂದಾಗ ಪೂರ್ತಿ ನಂಬಬೇಡಿ. ಕಟ್ಟಡದ ದುಡ್ಡು ಸೇರಿಸಿ ನೋಡಿದರೆ ಕಮ್ಮಿ ಹೌದು. ಆದರೆ ದಿನದ ಖರ್ಚಿಗೆ ಬರುವ ದುಡ್ಡು ಮಾತ್ರ ತೆಗೆದುಕೊಂಡರೆ ಎಷ್ಟೋ ದೊಡ್ಡ ಐಎಸ್‌ಡಿಗಳಿಗಿಂತ ತಲೆಗೆ ಜಾಸ್ತಿ ಬರುತ್ತದೆ, ಯಾಕೆಂದರೆ ಅವರ ದರ ಕಟ್ಟುವುದು ರಾಜ್ಯದ ಸರಾಸರಿ ಹಿಡಿದು. ಇಬ್ಬರೂ ತಮಗೆ ಬೇಕಾದ ಕಾಲಂ ತೋರಿಸುತ್ತಾರೆ. ಇಬ್ಬರ ಕೂಡುವ ಲೆಕ್ಕವೂ ಸರಿಯಾಗೇ ಇರುತ್ತದೆ.

ಬಸ್ಸಿಲ್ಲ. ಹಳದಿ ಬಸ್ಸು ಅಂತ ಸಿನಿಮಾದಲ್ಲಿ ನೋಡಿದ್ದೆಲ್ಲ ಐಎಸ್‌ಡಿ ಮಕ್ಕಳಿಗೆ. ನಮಗೆ ಕಾರ್ ಲೈನ್. ಶಾಲೆ ಬಿಡುವುದು 3.30ಕ್ಕೆ, ನಾನು ಹೊರಡುವುದು 2.45ಕ್ಕೆ. ಕಾರುಗಳು ಶಾಲೆ ಸುತ್ತ ಒಂದು ಸುತ್ತು ಹಾಕಿ, ಪಕ್ಕದ ಚರ್ಚಿನ ಪಾರ್ಕಿಂಗ್ ದಾಟಿ, ಮೇನ್ ರೋಡಿಗೆ ಬಾಲ ಚಾಚಿರುತ್ತವೆ. ಗಾಜಿನ ಮೇಲೆ ನಂಬರ್ ಚೀಟಿ, ನಮ್ಮದು 417. ಪಿಟಿ ಮೇಷ್ಟ್ರು ಕೈಯಲ್ಲಿ ವಾಕಿಟಾಕಿ ಹಿಡಿದು ಒಂದೊಂದೇ ನಂಬರ್ ಕೂಗುತ್ತಾರೆ. ಒಳಗಿಂದ ಒಂದು ಮಗು ಓಡಿ ಬರುತ್ತದೆ. ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಎಸಿ ಹಾಕಿಕೊಂಡು, ಆಫೀಸ್ ಮೀಟಿಂಗಿನಲ್ಲಿ ಮ್ಯೂಟ್ ಮಾಡಿಕೊಂಡು, ಹಿಂದಿನ ಸೀಟಿನಲ್ಲಿ ಡಬ್ಬಿ ಚಕ್ಕುಲಿ ಇಟ್ಟುಕೊಂಡು ಕೂತ ಗಂಟೆಗಳನ್ನು ಸೇರಿಸಿದರೆ ನಾನು ಇನ್ನೊಂದು ಡಿಗ್ರಿ ಮುಗಿಸಬಹುದಿತ್ತು. ಒಂದು ದಿನ ಮ್ಯೂಟ್ ಮಾಡಲು ಮರೆತು, ನಮ್ಮ ಮ್ಯಾನೇಜರ್‌ಗೆ 'ಫೋರ್ ಒನ್ ಸೆವೆನ್' ಅಂತ ಜೋರಾಗಿ ಕೇಳಿಸಿ, ಅವರು ಅದನ್ನು ಟಿಕೆಟ್ ನಂಬರ್ ಅಂದುಕೊಂಡು ಹುಡುಕಿದರು.

ಇನ್ನು ಓದಿನ ವಿಷಯ. ನಾಲ್ಕು ಸ್ಟಾರ್. ಹೇಳಬೇಕಾದ್ದು ಹೇಳಲೇಬೇಕಲ್ಲ, ಗಣಿತ ಇಲ್ಲಿ ಐಎಸ್‌ಡಿಗಿಂತ ಒಂದು ವರ್ಷ ಮುಂದೆ ಓಡುತ್ತದೆ. ಮಗಳಿಗೆ ಆರನೇ ಕ್ಲಾಸಿನಲ್ಲಿ ಒಬ್ಬ ಮೇಷ್ಟ್ರು ಸಿಕ್ಕಿದರು. ಮಂಗಳವಾರ, ಗುರುವಾರ ಸಂಜೆ ಐದೂವರೆವರೆಗೆ ಕೂತು, ತಪ್ಪಾದ ಲೆಕ್ಕವನ್ನು ಮಕ್ಕಳಿಂದಲೇ ಬೋರ್ಡಿನ ಮೇಲೆ ಬಿಡಿಸುತ್ತಿದ್ದರು. 'ನಿನ್ನ ತಪ್ಪು ಎಲ್ಲಿ ಶುರುವಾಯ್ತು ತೋರಿಸು' ಅನ್ನುವುದು ಅವರ ಮಾತು. ಉತ್ತರ ಕೇಳುತ್ತಲೇ ಇರಲಿಲ್ಲ. ಭಿನ್ನರಾಶಿ ಅಂದರೆ ಅಳುತ್ತಿದ್ದವಳು ಈಗ ತಮ್ಮನಿಗೆ ಅದೇ ಮಾತು ಹೇಳಿ ಅವನ ತಲೆ ತಿನ್ನುತ್ತಾಳೆ. ಇಂಥವರನ್ನು ಹುಡುಕಿ ತರುವ, ಇಂತಿಷ್ಟೇ ಗಂಟೆ ಅನ್ನದೆ ದುಡಿಸಿಕೊಳ್ಳುವ ಸ್ವಾತಂತ್ರ್ಯ ಚಾರ್ಟರ್‌ಗಿದೆ. ಆ ಮೇಷ್ಟ್ರು ವರ್ಷದ ಕೊನೆಗೆ ಹೊರಟು ಹೋದರು. ಏಳನೇ ಕ್ಲಾಸಿನಲ್ಲಿ ಮಗಳಿಗೆ ಮೂರು ಜನ ಗಣಿತದವರು ಬದಲಾದರು, ಕೊನೆಯವರು ಆಗ ತಾನೇ ಡಿಗ್ರಿ ಮುಗಿಸಿ ಬಂದ ಹುಡುಗಿ. ಅದೂ ಅದೇ ಸ್ವಾತಂತ್ರ್ಯದ ಇನ್ನೊಂದು ಮುಖ. ಟೆಕ್ಸಸ್ ಚಾರ್ಟರ್‌ಗಳಲ್ಲಿ ಹೆಚ್ಚಿನ ವಿಷಯಗಳಿಗೆ ಟೀಚಿಂಗ್ ಸರ್ಟಿಫಿಕೇಟ್ ಬೇಕಿಲ್ಲ, ಡಿಗ್ರಿ ಸಾಕು. ಈಗ ಐಎಸ್‌ಡಿಗಳೂ 2015ರ ಒಂದು ಕಾನೂನು ಹಿಡಿದುಕೊಂಡು ಸರ್ಟಿಫಿಕೇಟ್ ಇಲ್ಲದವರನ್ನು ತೆಗೆದುಕೊಳ್ಳುತ್ತಿವೆ, ಮೇಷ್ಟ್ರೇ ಸಿಗುತ್ತಿಲ್ಲ. ಹಾಗಾಗಿ ಇದೊಂದೇ ಕಾರಣಕ್ಕೆ ಬೇಡ ಅನ್ನಬೇಡಿ.

ರಜೆ ಹಾಕುವವರು ಹುಷಾರು. ಡಿಸೆಂಬರಿನಲ್ಲಿ ಮೂರು ವಾರ ಬೆಂಗಳೂರಿಗೆ ಹೋಗಿ, ಅಣ್ಣನ ಮಗನ ಉಪನಯನ ಮುಗಿಸಿ ಸಂಕ್ರಾಂತಿಗೆ ವಾಪಸ್ ಬರುತ್ತೇವೆ ಅಂದರೆ ಎರಡು ಕಡೆಯೂ ಮುಖ ಗಂಟಿಕ್ಕುತ್ತಾರೆ. ಹಾಜರಾತಿ ಅಂದರೆ ದುಡ್ಡು ಅಂತ ಮೊದಲೇ ಹೇಳಿದೆನಲ್ಲ. ವ್ಯತ್ಯಾಸ ಏನೆಂದರೆ ಐಎಸ್‌ಡಿ ಪತ್ರ ಕಳಿಸಿತು. ಚಾರ್ಟರ್ ಕಳಿಸಿದ ಪತ್ರದಲ್ಲಿ, ಇಂತಿಷ್ಟು ದಿನ ದಾಟಿದರೆ ಸೀಟು ವೇಯ್ಟ್‌ಲಿಸ್ಟಿನವರಿಗೆ ಹೋಗುತ್ತದೆ ಅನ್ನುವ ಒಂದು ಸಾಲೂ ಇತ್ತು. ಹಿಂದೆ 200 ಜನ ಕಾಯುತ್ತಿದ್ದಾರೆ ಅನ್ನುವುದು ಸೇರುವಾಗ ಹೆಮ್ಮೆ. ಸೇರಿದ ಮೇಲೆ ಅದೇ 200 ಜನ ನಮ್ಮ ಬೆನ್ನ ಹಿಂದೆ ನಿಂತಿರುತ್ತಾರೆ.

ಈಗ ಎರಡು ಸ್ಟಾರ್ ಯಾಕೆ ಕಿತ್ತುಕೊಂಡೆ ಅಂತ ಹೇಳುತ್ತೇನೆ. ಮಗನ ವಿಷಯ. ಅವನಿಗೆ ಮಾತು ಸ್ವಲ್ಪ ತಡೆದು ಬರುತ್ತದೆ, ಒಂದು ಕಡೆ ಕೂರುವುದೂ ಕಷ್ಟ. ಅಕ್ಕ ಅಲ್ಲಿದ್ದಳು ಅಂತ ಲಾಟರಿ ಇಲ್ಲದೆ ಸೀಟು ಸಿಕ್ಕಿತು. ಚಾರ್ಟರ್ ಆದರೂ ಸ್ಪೆಷಲ್ ಎಡ್, ಅಂದರೆ ಇಂಥ ಮಕ್ಕಳಿಗೆ ಬೇಕಾದ ವಿಶೇಷ ಸಹಾಯ, ಕೊಡಲೇಬೇಕು, ಅದು ಕೇಂದ್ರದ ಕಾನೂನು. ಪೇಪರಿನ ಮೇಲೆ ಕೊಟ್ಟರು ಕೂಡ. ವಾರಕ್ಕೆ ಎರಡು ಸಲ ಸ್ಪೀಚ್ ಥೆರಪಿ ಅಂತ ಬರೆದಿತ್ತು. ಒಬ್ಬರೇ ಥೆರಪಿಸ್ಟ್ ಮೂರು ಕ್ಯಾಂಪಸ್ ಸುತ್ತುತ್ತಿದ್ದರು, ಎಷ್ಟೋ ವಾರ ಬರಲೇ ಇಲ್ಲ, ಆಮೇಲೆ ಲ್ಯಾಪ್‌ಟಾಪ್ ಮುಂದೆ ಕೂರಿಸಿ ವಿಡಿಯೋದಲ್ಲಿ ಮಾಡಿಸಿದರು. ಮಾತು ತಡೆಯುವ ಏಳು ವರ್ಷದ ಹುಡುಗನಿಗೆ ವಿಡಿಯೋ ಕಾಲ್! ಎರಡನೇ ಕ್ಲಾಸಿನಲ್ಲಿ ಕ್ಲಾಸಿಂದ ಎದ್ದು ಓಡಾಡಿದ ಅಂತ ಫೋನ್ ಬರುತ್ತಿತ್ತು. ಮೂರನೇ ಕ್ಲಾಸಿಗೆ ಬಂದಾಗ ಫೋನ್ ವಾರಕ್ಕೆ ಎರಡಾಯಿತು. ಸ್ಟಾರ್ ಪರೀಕ್ಷೆ ಶುರುವಾಗುವುದು ಮೂರನೇ ಕ್ಲಾಸಿಂದ ಅನ್ನುವುದನ್ನು ಇಲ್ಲಿ ಸುಮ್ನೆ ಹೇಳುತ್ತಿದ್ದೇನೆ, ಅದಕ್ಕೂ ಇದಕ್ಕೂ ಗಂಟು ಹಾಕಲು ನನ್ನ ಹತ್ತಿರ ಸಾಕ್ಷಿ ಇಲ್ಲ.

ನವೆಂಬರಿನಲ್ಲಿ ಮೀಟಿಂಗ್ ಕರೆದರು. ಐದು ಜನ ಮೇಜಿನ ಆ ಕಡೆ, ನಾವಿಬ್ಬರು ಈ ಕಡೆ. ಟಿಶ್ಯೂ ಪೇಪರಿನ ಡಬ್ಬಿಯನ್ನು ಮೊದಲೇ ನನ್ನ ಮುಂದೆ ಇಟ್ಟಿದ್ದರು, ಅದನ್ನು ನೋಡಿದ ತಕ್ಷಣ ಗೊತ್ತಾಯಿತು. ಯಾರೂ ಗದರಲಿಲ್ಲ, ಯಾರೂ ಬಿಡಿ ಅನ್ನಲಿಲ್ಲ. ಪ್ರಿನ್ಸಿಪಾಲರು ತುಂಬಾ ಮೆಲ್ಲಗೆ, ನಿಮ್ಮ ಮಗನಿಗೆ ಇದು ಬೆಸ್ಟ್ ಫಿಟ್ ಅಲ್ವೇನೋ ಅಂತ ನಮಗೆ ಅನಿಸುತ್ತಿದೆ ಅಂದರು. ಐಎಸ್‌ಡಿಯಲ್ಲಿ ಇದಕ್ಕೆಲ್ಲ ಸವಲತ್ತು ಜಾಸ್ತಿ ಇರುತ್ತದೆ ಅಂತಲೂ ಸೇರಿಸಿದರು. ನಾವು ಶಾಲೆಯನ್ನು ಆರಿಸಿಕೊಂಡಿದ್ದೇವೆ ಅಂತ ನಾಲ್ಕು ವರ್ಷ ಬೀಗಿದ್ದೆವು. ಶಾಲೆ ಕೂಡ ಆರಿಸುತ್ತದೆ ಅಂತ ಆವತ್ತು ಅರ್ಥವಾಯಿತು. ಕಾನೂನು ಪ್ರಕಾರ ನಾವು ಅಲ್ಲೇ ಕೂರಬಹುದಿತ್ತು, ಜಗಳ ಮಾಡಬಹುದಿತ್ತು. ಮಗನ ಮುಖ ನೋಡಿ ಬಿಟ್ಟೆವು.

ಇದು ನಮ್ಮೊಬ್ಬರ ಕಥೆಯಾಗಿದ್ದರೆ ನಮ್ಮ ಗ್ರಹಚಾರ ಅಂತ ಸುಮ್ಮನಾಗುತ್ತಿದ್ದೆ. ನ್ಯೂಯಾರ್ಕಿನ ಒಂದು ದೊಡ್ಡ ಚಾರ್ಟರ್ ಸರಣಿಯ ಶಾಲೆಯೊಂದರಲ್ಲಿ, ಹೋಗಲೇಬೇಕಾದ ಮಕ್ಕಳು ಅಂತ ಹೆಸರು ಬರೆದು ಪಟ್ಟಿ ಮಾಡಿದ್ದು 2015ರಲ್ಲಿ ಪತ್ರಿಕೆಯಲ್ಲಿ ಬಂದು ದೊಡ್ಡ ಸುದ್ದಿಯಾಗಿತ್ತು. ನಮಗೆ ಪಟ್ಟಿ ಇರಲಿಲ್ಲ, ಟಿಶ್ಯೂ ಡಬ್ಬಿ ಇತ್ತು.

ಸಿಟ್ಟು ಬಂದು ಬೋರ್ಡಿಗೆ ಹೇಳೋಣ ಅಂತ ಹೊರಟೆ. ಚಾರ್ಟರ್ ಬೋರ್ಡು ಚುನಾವಣೆಯಿಂದ ಬಂದದ್ದಲ್ಲ, ಸಂಸ್ಥೆಯೇ ನೇಮಿಸಿಕೊಂಡದ್ದು. ಮೀಟಿಂಗ್ ಹೆಡ್ ಆಫೀಸ್ ಇರುವ ಬೇರೆ ಊರಲ್ಲಿ, ಕೆಲಸದ ದಿನ ಮಧ್ಯಾಹ್ನ. ಒಂದು ದಿನ ರಜೆ ಹಾಕಿ ನಾಲ್ಕು ಗಂಟೆ ಗಾಡಿ ಓಡಿಸಿಕೊಂಡು ಹೋದೆ. ಮೂರು ನಿಮಿಷ ಕೊಟ್ಟರು. ಬರೆದುಕೊಂಡು ಹೋದದ್ದನ್ನು ಓದಿದೆ. ಅಜೆಂಡಾದಲ್ಲಿ ಇಲ್ಲದ ವಿಷಯದ ಮೇಲೆ ಚರ್ಚೆ ಮಾಡುವಂತಿಲ್ಲ, ಬಂದಿದ್ದಕ್ಕೆ ಥ್ಯಾಂಕ್ಸ್ ಅಂದರು. ಆ ನಿಯಮ ಐಎಸ್‌ಡಿ ಬೋರ್ಡಿಗೂ ಇದೆ, ಒಪ್ಪುತ್ತೇನೆ. ಆದರೆ ಐಎಸ್‌ಡಿ ಬೋರ್ಡಿನ ಕ್ಯಾಂಡಿಡೇಟ್ ಒಬ್ಬರು ಎಲೆಕ್ಷನ್ ಹೊತ್ತಿನಲ್ಲಿ ನಮ್ಮ ಇಂಡಿಯನ್ ಗ್ರೋಸರಿ ಅಂಗಡಿ ಮುಂದೆ ನಿಂತು, ಕೊತ್ತಂಬರಿ ಕಟ್ಟು ಹಿಡಿದು ಹೊರಬಂದ ನನಗೆ ನಮಸ್ತೆ ಅಂದು, ಸ್ಪೆಷಲ್ ಎಡ್ ಬಗ್ಗೆ ಹತ್ತು ನಿಮಿಷ ಕೇಳಿಸಿಕೊಂಡಿದ್ದರು.

'ನಮಗೆ ಓಟೇ ಇಲ್ವಲ್ಲೇ' ಅನ್ನುತ್ತಾರೆ ನಮ್ಮನೆಯವರು. ನಿಜ, ಗ್ರೀನ್ ಕಾರ್ಡ್ ಕ್ಯೂನಲ್ಲಿ ಕೂತಿದ್ದೇವೆ, ಮಗಳು ಕಾಲೇಜು ಮುಗಿಸುವ ಹೊತ್ತಿಗೆ ಬಂದರೆ ಪುಣ್ಯ. ಓಟಿಲ್ಲದ ನಮ್ಮಂಥವರಿಗೆ ಶಾಲೆ ಬದಲಿಸುವುದೇ ಓಟು, ಚಾರ್ಟರ್ ಇರುವುದೇ ಅದಕ್ಕೆ ಅಂತ ಅವರ ವಾದ. ಯೋಚಿಸಿದರೆ ಅದರಲ್ಲಿ ಹುರುಳಿದೆ. ಆದರೆ ನನಗೆ ಓಟಿಲ್ಲ ಅಂತ ಆ ಕ್ಯಾಂಡಿಡೇಟ್‌ಗೆ ಗೊತ್ತಿರಲಿಲ್ಲವಲ್ಲ.

ಮಗ ಬಿಟ್ಟ ಮೇಲೆ ನಾನು ಈ ಚಾರ್ಟರ್ ಜಗಳದ ಹಿಂದೆ ಬಿದ್ದು ಸಿಕ್ಕಿದ್ದೆಲ್ಲ ಓದಿದೆ. ತಮಾಷೆ ಏನೆಂದರೆ, ಇವತ್ತು ಚಾರ್ಟರ್ ಕಂಡರೆ ಉರಿದು ಬೀಳುವವರು ಮೇಷ್ಟ್ರ ಯೂನಿಯನ್‌ನವರು, ಆದರೆ 1988ರಲ್ಲಿ ಈ ಐಡಿಯಾವನ್ನು ದೇಶದ ತುಂಬ ಹಬ್ಬಿಸಿದವರು ಮೇಷ್ಟ್ರ ಯೂನಿಯನ್‌ನ ಅಧ್ಯಕ್ಷ ಆಲ್ಬರ್ಟ್ ಶಾಂಕರ್. ಸರ್ಕಾರಿ ಶಾಲೆಯೊಳಗೇ ಮೇಷ್ಟ್ರುಗಳು ಸೇರಿ ಸಣ್ಣ ಪ್ರಯೋಗದ ಶಾಲೆ ಮಾಡಲಿ, ಗೆದ್ದದ್ದನ್ನು ಉಳಿದವರು ಕಲಿಯಲಿ ಅಂತ ಅವರ ಮನಸ್ಸಿನಲ್ಲಿದ್ದದ್ದು. 1991ರಲ್ಲಿ ಮಿನೆಸೋಟ ಮೊದಲ ಕಾನೂನು ಮಾಡಿತು. ಮರುವರ್ಷ ಸೇಂಟ್ ಪಾಲ್‌ನಲ್ಲಿ ಮೊದಲ ಶಾಲೆ ತೆರೆಯಿತು. 1995ರಲ್ಲಿ ಟೆಕ್ಸಸ್. ಅಷ್ಟರಲ್ಲಿ ಶಾಂಕರ್ ಅವರೇ ಇದು ನಾನು ಹೇಳಿದ ದಾರಿಯಲ್ಲ ಅಂತ ತಿರುಗಿ ನಿಂತಿದ್ದರು. ಮಿಶಿಗನ್‌ನಲ್ಲಂತೂ ಬಹುಪಾಲು ಚಾರ್ಟರ್‌ಗಳನ್ನು ಲಾಭದ ಕಂಪನಿಗಳೇ ನಡೆಸುತ್ತವೆ. ಒಹಾಯೋದಲ್ಲಿ ಒಂದು ಆನ್‌ಲೈನ್ ಚಾರ್ಟರ್ ಇತ್ತು, ಬಾರದ ಮಕ್ಕಳಿಗೂ ದುಡ್ಡು ಎಣಿಸಿಕೊಂಡಿತ್ತು. ಸುಮಾರು 8 ಕೋಟಿ ಡಾಲರ್ ವಾಪಸ್ ಕೊಡಿ ಅಂದಾಗ 2018ರ ಜನವರಿಯಲ್ಲಿ, ವರ್ಷದ ನಡುವೆಯೇ, ಕುಸಿಯಿತು. ಸುಮಾರು 12,000 ಮಕ್ಕಳು ಬೀದಿಗೆ. ತಲೆ ಎಣಿಸಿ ದುಡ್ಡು ಕೊಡುವ ಪದ್ಧತಿಯಲ್ಲಿ ತಲೆಯನ್ನು ಯಾರೂ ನೋಡದಿದ್ದರೆ ಹೀಗಾಗುತ್ತದೆ. ನಮ್ಮ ಟೆಕ್ಸಸೂ ಕಮ್ಮಿ ಇಲ್ಲ. 2019ರ ಕೊನೆಗೆ ರಿಯೋ ಗ್ರಾಂಡೆ ವ್ಯಾಲಿಯಲ್ಲಿ ಹುಟ್ಟಿದ ದೊಡ್ಡ ಸರಣಿಯೊಂದು ಖಾಸಗಿ ಜೆಟ್ ವಿಮಾನ ಲೀಸಿಗೆ ತೆಗೆದುಕೊಳ್ಳಲು ಹೊರಟಿತ್ತು. ಸುದ್ದಿಯಾಗಿ ಬೈಸಿಕೊಂಡ ಮೇಲೆ ಕೈಬಿಟ್ಟಿತು.

ಹಾಗಾದರೆ ಚಾರ್ಟರ್‌ನಲ್ಲಿ ಮಕ್ಕಳು ಕಲಿಯುತ್ತಾರಾ? ಸ್ಟ್ಯಾನ್‌ಫರ್ಡಿನ ಕ್ರೆಡೋ ಅನ್ನುವ ತಂಡ ಇದನ್ನೇ ಅಳೆಯುತ್ತಾ ಬಂದಿದೆ. 2009ರಲ್ಲಿ ಅವರ ವರದಿ ಬಂದಾಗ ಗಣಿತದಲ್ಲಿ ಮಾಮೂಲಿ ಸರ್ಕಾರಿ ಶಾಲೆಗಳಿಗಿಂತ ಮೇಲಿದ್ದ ಚಾರ್ಟರ್‌ಗಳು 17 ಪರ್ಸೆಂಟ್, ಕೆಳಗಿದ್ದವು 37 ಪರ್ಸೆಂಟ್, ಉಳಿದವು ಅಷ್ಟಕ್ಕಷ್ಟೇ. 2023ರ ಹೊತ್ತಿಗೆ ಲೆಕ್ಕ ತಿರುಗಿತು. ವರ್ಷಕ್ಕೆ ರೀಡಿಂಗಿನಲ್ಲಿ 16 ದಿನ, ಗಣಿತದಲ್ಲಿ 6 ದಿನದಷ್ಟು ಹೆಚ್ಚು ಕಲಿಕೆ ಅಂದರು. ಆನ್‌ಲೈನ್ ಚಾರ್ಟರ್‌ಗಳಲ್ಲಿ ಮಾತ್ರ ಗಣಿತ 124 ದಿನ ಹಿಂದೆ. ನಮ್ಮ ಗುಂಪಿನಲ್ಲಿ ಇದನ್ನು ಹಾಕಿದಾಗ ಒಬ್ಬರು 'ಆರು ದಿನಕ್ಕೋಸ್ಕರ ಇಷ್ಟೊಂದು ಪೆಟ್ರೋಲಾ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸರಾಸರಿ ಅಂದರೆ ಅದೇ ಕಷ್ಟ, ಬಾಸ್ಟನ್‌ನ ಚಾರ್ಟರ್‌ಗಳಲ್ಲಿ ಲಾಟರಿ ಗೆದ್ದ ಮಕ್ಕಳನ್ನೂ ಸೋತ ಮಕ್ಕಳನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನಗಳಲ್ಲಿ ಗೆದ್ದವರು ಬಹಳ ಮುಂದಿದ್ದರು. ಅಷ್ಟು ಚೆನ್ನಾಗಿ ನಡೆಯುತ್ತಿದ್ದ ಊರಿರುವ ರಾಜ್ಯದಲ್ಲೇ, 2016ರಲ್ಲಿ ಇನ್ನಷ್ಟು ಚಾರ್ಟರ್ ಬೇಕಾ ಅಂತ ಮ್ಯಾಸಚೂಸೆಟ್ಸ್ ಜನರನ್ನು ಕೇಳಿದಾಗ ಸುಮಾರು 62 ಪರ್ಸೆಂಟ್ ಜನ ಬೇಡ ಅಂದರು. ಮೊದಲಿಗೆ ನನಗೆ ಇದು ಅರ್ಥವೇ ಆಗಲಿಲ್ಲ. ಒಂದು ಕ್ಲಾಸಿಂದ ಮೂರು ಮಕ್ಕಳು ಹೋದರೆ ಮೂರು ಮಕ್ಕಳ ದುಡ್ಡು ಹೋಗುತ್ತದೆ, ಆದರೆ ಮೇಷ್ಟ್ರೂ ಅಷ್ಟೇ, ಬಸ್ಸಿನ ಡೀಸೆಲ್ಲೂ ಅಷ್ಟೇ, ಕರೆಂಟ್ ಬಿಲ್ಲೂ ಅಷ್ಟೇ. ಉಳಿದ ಮಕ್ಕಳ ಅಪ್ಪ ಅಮ್ಮ ಹಾಕಿದ ಓಟು ಅದು.

ಇಲ್ಲೂ ಪಕ್ಕದ ಪ್ಲೇನೋ ಐಎಸ್‌ಡಿ 2024ರಲ್ಲಿ ನಾಲ್ಕು ಶಾಲೆ ಮುಚ್ಚಲು ತೀರ್ಮಾನ ಮಾಡಿತು. ಎಲ್ಲ ಚಾರ್ಟರ್‌ನಿಂದಲೇ ಅಂದರೆ ತಪ್ಪಾಗುತ್ತದೆ. ಮಕ್ಕಳು ಹುಟ್ಟುವುದೇ ಕಮ್ಮಿಯಾಗಿದೆ, ಸಣ್ಣ ಮಕ್ಕಳಿರುವ ಸಂಸಾರಗಳಿಗೆ ಅಲ್ಲಿ ಮನೆ ಕೊಳ್ಳಲು ಆಗುತ್ತಿಲ್ಲ. ಆದರೆ ಮುಚ್ಚಿದ ಶಾಲೆ ಪಕ್ಕದಲ್ಲಿ ಮನೆ ಇರುವ ನನ್ನ ಗೆಳತಿಯ ಹತ್ತಿರ ಈ ಕಾರಣಗಳನ್ನೆಲ್ಲ ಹೇಳಲು ಹೋಗಿ ನಾನು ಬೈಸಿಕೊಂಡಿದ್ದೇನೆ. ಮೊದಲು ಮಗಳನ್ನು ಹೊರಗೆ ಕರೆದುಕೊಂಡು ಹೋದವಳು ನೀನೇ ಅಲ್ವಾ ಅಂದಳು.

ಐಎಸ್‌ಡಿ ಅಂದರೆ ದೇವಸ್ಥಾನ ಅಂತಲೂ ತಿಳಿಯಬೇಡಿ. ಟೆಕ್ಸಸ್ 2004ರಿಂದ ಸ್ಪೆಷಲ್ ಎಡ್ ಮಕ್ಕಳ ಸಂಖ್ಯೆ 8.5 ಪರ್ಸೆಂಟ್ ದಾಟಬಾರದು ಅನ್ನುವ ಹಾಗೆ ಡಿಸ್ಟ್ರಿಕ್ಟ್‌ಗಳಿಗೆ ಅಂಕ ಕೊಡುತ್ತಿತ್ತು. ಸಹಾಯ ಬೇಕಿದ್ದ ಎಷ್ಟೋ ಮಕ್ಕಳಿಗೆ ಟೆಸ್ಟೇ ಮಾಡಲಿಲ್ಲ. 2016ರಲ್ಲಿ ಹ್ಯೂಸ್ಟನ್ ಕ್ರಾನಿಕಲ್ ಪತ್ರಿಕೆ ಅದನ್ನು ಬಯಲಿಗೆ ಎಳೆಯಿತು. 2018ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ ಇದು ಕಾನೂನು ಮುರಿದದ್ದೇ ಅಂದಿತು. ನಮ್ಮ ಮಗ ಸೇರಿದ ಐಎಸ್‌ಡಿ ಶಾಲೆಯಲ್ಲಿ ಒಂದು ಕ್ಲಾಸಿಗೆ 27 ಮಕ್ಕಳು, ಗಣಿತ ನಿಧಾನ, ಮೊದಲ ತಿಂಗಳು ಅವನಿಗೆ ಎಲ್ಲ ಗೊತ್ತಿದ್ದದ್ದನ್ನೇ ಹೇಳಿಕೊಟ್ಟರು. ಆದರೆ ಸ್ಪೀಚ್ ಥೆರಪಿಸ್ಟ್ ಶಾಲೆಯಲ್ಲೇ ಇದ್ದಾರೆ, ಬಾಗಿಲಿಗೆ ಅವರ ಹೆಸರಿನ ಬೋರ್ಡಿದೆ. ಮೃದಂಗ ಕಲಿಯುತ್ತಾನೆ ಅಂತ ಗೊತ್ತಾದ ಮೇಲೆ ಅವರು ಮಾತನ್ನು ತಾಳಕ್ಕೆ ಹಾಕಿ ಹೇಳಿಸುತ್ತಾರೆ. 'ತಕಧಿಮಿ' ಅಂತ ಆ ಬಿಳಿ ಅಜ್ಜಿ ಮೇಜು ತಟ್ಟುವುದನ್ನು ಬಾಗಿಲ ಸಂದಿಯಿಂದ ನೋಡಿ ನಾನು ಕಾರಿಗೆ ಬಂದು ಅತ್ತಿದ್ದೇನೆ.

ಹೈಸ್ಕೂಲ್ ಅಮ್ಮಂದಿರಿಗೆ ಒಂದು ಮಾತು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಆಸ್ಟಿನ್‌ನ ಯೂನಿವರ್ಸಿಟಿ ಆಫ್ ಟೆಕ್ಸಸ್‌ಗೆ ನೇರ ಅಡ್ಮಿಷನ್ ಬೇಕೆಂದರೆ ನಿಮ್ಮ ಹೈಸ್ಕೂಲ್ ಕ್ಲಾಸಿನ ಮೇಲಿನ 6 ಪರ್ಸೆಂಟ್‌ನಲ್ಲಿ ಇರಬೇಕಿತ್ತು. 2026ಕ್ಕೆ ಸೇರುವವರಿಂದ ಅದು 5 ಪರ್ಸೆಂಟ್. ಮಗಳ ಚಾರ್ಟರ್‌ನಲ್ಲಿ ಹತ್ತನೇ ಕ್ಲಾಸಿಗೆ 84 ಮಕ್ಕಳು. ಅಂದರೆ ನಾಲ್ಕು ಸೀಟು. 84ರಲ್ಲಿ ಮುಕ್ಕಾಲು ಪಾಲು ಮಕ್ಕಳ ಅಪ್ಪ ಅಮ್ಮ ನಮ್ಮಂಥವರೇ, ಮನೆಯಲ್ಲಿ ಲೆಕ್ಕ ಹೇಳಿಕೊಡುವವರೇ. ಜೊತೆಗೆ ಆರ್ಕೆಸ್ಟ್ರಾ ಇಲ್ಲ, ಮಾರ್ಚಿಂಗ್ ಬ್ಯಾಂಡ್ ಇಲ್ಲ, ಈಜು ತಂಡ ಇಲ್ಲ. ರೊಬಾಟಿಕ್ಸ್ ಇದೆ, ಎಲ್ಲರೂ ಅದನ್ನೇ ಮಾಡುತ್ತಾರೆ. ನನ್ನ ಮಗಳು ಪಿಟೀಲು ಮನೆಯಲ್ಲೇ ಕಲಿಯುತ್ತಾಳೆ, ಶನಿವಾರ ಟೀಚರ್ ಮನೆಗೆ ಹೋಗಿ. ಅವಳಿಗೆ ಅಲ್ಲಿ ಗೆಳತಿಯರಿದ್ದಾರೆ, ಬಿಡುವುದಿಲ್ಲ ಅನ್ನುತ್ತಾಳೆ, ನಾನೂ ಬಲವಂತ ಮಾಡಿಲ್ಲ.

ಈಗ 2025ರಲ್ಲಿ ಖಾಸಗಿ ಶಾಲೆ ಫೀಸಿಗೂ ಸರ್ಕಾರಿ ದುಡ್ಡು ಕೊಡುವ ಕಾನೂನು ಬಂದಿದೆ, ಮೊದಲಿಗೆ 100 ಕೋಟಿ ಡಾಲರ್. ಇಷ್ಟು ದಿನ ಐಎಸ್‌ಡಿಯವರು ಚಾರ್ಟರ್ ಕಡೆ ಬೆರಳು ತೋರಿಸುತ್ತಿದ್ದರು. ಈಗ ಚಾರ್ಟರ್‌ನವರಿಗೂ ತಮ್ಮ ಮಕ್ಕಳು ಬೇರೆ ಕಡೆ ಹೋದರೆ ಅನ್ನುವ ಭಯ ಹುಟ್ಟಿರಬೇಕು. ಹೋದ ತಿಂಗಳು ನಮ್ಮ ಶಾಲೆಯಿಂದ ಪೇರೆಂಟ್ಸ್‌ಗೆ ಡೋನಟ್ ಪಾರ್ಟಿ ಇತ್ತು. ಆರು ವರ್ಷದಲ್ಲಿ ಮೊದಲ ಸಲ.

ನಿಮ್ಮ ಮಗು ಕೂತು ಓದುವ ಮಗುವಾದರೆ, ನಿಮ್ಮ ಕೆಲಸ ಮನೆಯಿಂದಲೇ ಆದರೆ, ಆರನೇ ಕ್ಲಾಸಿನಿಂದ ಎಂಟರವರೆಗೆ ಹಾಕಿ, ಗಣಿತಕ್ಕೆ ಒಳ್ಳೆಯದು. ಸಹಾಯ ಬೇಕಾದ ಮಗುವಾದರೆ ಸೇರಿಸುವ ಮೊದಲು ಪ್ರಿನ್ಸಿಪಾಲರನ್ನು ಒಂದೇ ಒಂದು ಪ್ರಶ್ನೆ ಕೇಳಿ, ಥೆರಪಿಸ್ಟ್ ವಾರದಲ್ಲಿ ಎಷ್ಟು ದಿನ ಈ ಕಟ್ಟಡದಲ್ಲಿ ಇರುತ್ತಾರೆ ಅಂತ. ಬ್ರೋಷರ್ ಕೊಟ್ಟರೆ ವಾಪಸ್ ಕೊಡಿ. ಹೋದ ವರ್ಷ ಸೇರಿದವರಲ್ಲಿ ಎಷ್ಟು ಮಕ್ಕಳು ನಡುವೆ ಬಿಟ್ಟರು, ಆ ಸೀಟು ತುಂಬಿದಿರಾ, ಖಾಲಿ ಬಿಟ್ಟಿರಾ ಅಂತಲೂ ಕೇಳಿ. ಉತ್ತರಕ್ಕಿಂತ ಅವರು ಉತ್ತರ ಕೊಡಲು ತೆಗೆದುಕೊಳ್ಳುವ ಹೊತ್ತು ನೋಡಿ.

ಈ ನವೆಂಬರಿನಲ್ಲೂ ನನಗೆ ಇಮೇಲ್ ಬಂದಿದೆ. ಅಕ್ಕ ಇಲ್ಲಿದ್ದಾಳೆ, ತಮ್ಮನಿಗೆ ಆರನೇ ಕ್ಲಾಸಿಗೆ ಮೊದಲ ಆದ್ಯತೆ, ಬೇಕಾದರೆ ಇಲ್ಲಿ ಒತ್ತಿ ಅಂತ. ಮಗನಿಗೆ ತೋರಿಸಿದೆ. ಅಲ್ಲಿ ಡ್ರಮ್ಸ್ ಇದೆಯಾ ಅಂತ ಕೇಳಿದ. ಇಲ್ಲ ಅಂದೆ. ಮತ್ತೇನೂ ಕೇಳದೆ ಚಕ್ಕುಲಿ ಡಬ್ಬಿ ತೆಗೆದುಕೊಂಡು ಹೋದ.

ಹಾಂ, ಕಾರ್ ಲೈನಿಗೆ ಹೋಗುವವರು ಚರ್ಚಿನ ಕಡೆ ಗೇಟಿನಿಂದ ಬನ್ನಿ. ಮೇನ್ ರೋಡ್ ಕಡೆ ಬಲಕ್ಕೆ ತಿರುಗಿದರೆ ಪೊಲೀಸ್ ನಿಂತಿರುತ್ತಾರೆ, ಸ್ಕೂಲ್ ಝೋನ್ ಅಂತ ಟಿಕೆಟ್ ಹಾಕುತ್ತಾರೆ. ನನಗೆ ಎರಡು ಬಿದ್ದಿವೆ.